ಮಗಳ ಪರವಾಗಿ ಎರಡು ನಿಮಿಷ

ಮಗಳಿಗೆ ಆಗ ಹನ್ನೆರಡು ವರ್ಷ. ಆನ್‌ಲೈನ್ ಆಟವೊಂದರಲ್ಲಿ ಪರಿಚಯವಾದ ಗೆಳತಿಯೊಬ್ಬಳು ಅವಳಿಂದ ಒಂದು ಫೋಟೋ ತರಿಸಿಕೊಂಡು, ಇನ್ನಷ್ಟು ಕಳಿಸದಿದ್ದರೆ ಶಾಲೆಗೆಲ್ಲ ಹಂಚುತ್ತೇನೆಂದು ಹೆದರಿಸತೊಡಗಿದ್ದಳು. ಆ ಗೆಳತಿ ನಡುವಯಸ್ಸಿನ ಗಂಡಸೆಂದು ಆಮೇಲೆ ಪೊಲೀಸರು ಹೇಳಿದರು. ಮೂರು ವಾರ ಮಗಳು ಸರಿಯಾಗಿ ಊಟ ಮಾಡಿರಲಿಲ್ಲ. ಮಕ್ಕಳ ಡಾಕ್ಟರಾದ ನಾನು ಅದನ್ನು ಪರೀಕ್ಷೆಯ ಭಯ ಎಂದುಕೊಂಡಿದ್ದೆ.

ಮರುವರ್ಷ, ಇಂಟರ್ನೆಟ್‌ನಲ್ಲಿ ಮಕ್ಕಳ ರಕ್ಷಣೆಗೆ ಕಾನೂನು ತರುವ ಬಗ್ಗೆ ನಾವಿರುವ ರಾಜ್ಯದ ರಾಜಧಾನಿ ಆಸ್ಟಿನ್‌ನ ಶಾಸನಸಭೆಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಹೋಗಲೇ ಎಂದು ಮಗಳನ್ನು ಕೇಳಿದೆ.

"ಹೋಗಮ್ಮಾ. ಬಟ್ ನನ್ನ ಹೆಸರು ಹೇಳ್ಬೇಡ," ಎಂದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಂದು ಕನ್ನಡದಲ್ಲಿ ಹೇಳಿದಳು.

ನಮ್ಮೂರು ಅಲೆನ್‌ನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಪ್ರತಿಯೊಬ್ಬರಿಗೂ ಎರಡು ನಿಮಿಷ. ನನಗಿಂತ ಮೊದಲು ಮಾತಾಡಿದ ಯುವಕ, ಮನೆಯಲ್ಲಿ ಏನೂ ಹೇಳಿಕೊಳ್ಳಲಾಗದ ವಯಸ್ಸಿನಲ್ಲಿ ಆನ್‌ಲೈನ್ ಗೆಳೆಯರೇ ತನ್ನನ್ನು ಉಳಿಸಿದರು, ಸರ್ಕಾರ ಆ ದಾರಿಯನ್ನು ಮುಚ್ಚಬಾರದು ಎಂದ. ಅವನ ಮಾತೂ ನಿಜವೆನಿಸಿತು. ಆದರೂ ಎದ್ದು ನನ್ನದನ್ನು ಹೇಳಿದೆ.

ಸದಸ್ಯರೊಬ್ಬರು ಮೆಲ್ಲಗೆ ಕೇಳಿದರು: "ಇದೆಲ್ಲ ನಡೆಯುವಾಗ ನೀವು ಎಲ್ಲಿದ್ರಿ, ಡಾಕ್ಟರ್?"

"ಪಕ್ಕದ ರೂಮಲ್ಲೇ ಇದ್ದೆ," ಎಂದೆ. "ಮನೆಯೊಳಗಿದ್ದಾಳೆ, ಸೇಫಾಗಿದ್ದಾಳೆ ಅಂದ್ಕೊಂಡಿದ್ದೆ. ನನ್ನೊಬ್ಬಳಿಂದ ಕಾಯೋಕೆ ಆಗಲಿಲ್ಲ. ಅದನ್ನ ಹೇಳೋಕೇ ಬಂದೆ."

ಆ ಮಸೂದೆ ಆ ವರ್ಷ ಪಾಸಾಗಲಿಲ್ಲ.

ಅಂದು ಮನೆಗೆ ಬಂದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅವರು ನನ್ನ ಬೈದ್ರಾ?"

"ಇಲ್ಲ ಕಂದಾ, ಯಾರೂ ಬೈಲಿಲ್ಲ."

ಅವಳು ನನ್ನ ಪಕ್ಕದಲ್ಲಿ ಕುಳಿತು ಅತ್ತಳು. ಅಷ್ಟೆಲ್ಲ ಆದ ಮೇಲೆ ಅವಳು ಅತ್ತಿದ್ದು ಅದೇ ಮೊದಲು.