ಕತ್ರಿಗುಪ್ಪೆಯ ತಾರಸಿಯಲ್ಲಿ ಆಫ್ರಿಕಾ

ಬಾಯಿಗಿಟ್ಟ ತುತ್ತನ್ನು ಅಗಿದಿರೆಂಬ ಕಾರಣಕ್ಕೆ ಯಾರಾದರೂ ನಿಮ್ಮನ್ನು ನೋಡಿ ನಕ್ಕಿದ್ದಾರೆಯೇ? ಕಲಬುರಗಿಯಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ನನ್ನನ್ನು ನೋಡಿ ನಕ್ಕರು. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ದಿನವೇ ಮನೆಯೊಡತಿ ಜಯಮ್ಮ ಊಟಕ್ಕೆ ಕರೆದು ರಾಗಿಮುದ್ದೆ ಬಡಿಸಿದರು. ರೊಟ್ಟಿ ತಿಂದು ಬೆಳೆದ ನಾನು ಅದನ್ನು ಶ್ರದ್ಧೆಯಿಂದ ಅಗಿಯತೊಡಗಿದೆ. ಮುದ್ದೆ ಅಂಗುಳಕ್ಕೆ ಅಂಟಿಕೊಂಡಿತು.

“ಅಯ್ಯೋ, ಮುದ್ದೇನ ಯಾರಾದ್ರೂ ಅಗೀತಾರಾ? ನುಂಗ್ಬೇಕು ಕಣಮ್ಮಾ!” ಎಂದರು ಜಯಮ್ಮ.

“ಅಜ್ಜಿ, ಆಂಟಿ ಚೂಯಿಂಗ್ ಗಮ್ ತಿಂತಿದಾರೆ,” ಎಂದಳು ಅವರ ಒಂಬತ್ತು ವರ್ಷದ ಮೊಮ್ಮಗಳು ಧೃತಿ.

ಅಲ್ಲಿ ನಮ್ಮ ಬೆಳಗು ರೊಟ್ಟಿ ಬಡಿಯುವ ಸದ್ದಿನಿಂದ ಆರಂಭವಾದರೆ, ಇಲ್ಲಿ ಆರಂಭವಾಗುವುದು ನೀರೆತ್ತುವ ಮೋಟಾರಿನ ಸದ್ದಿನಿಂದ. ಅಲ್ಲಿ ಅಂಗಳದಿಂದಲೇ ಕೂಗಿ ಒಳಗೆ ಹೋಗುತ್ತಿದ್ದೆವು. ಇಲ್ಲಿ ಕರೆಗಂಟೆ ಒತ್ತಿ ಕಾಯಬೇಕು. ನನ್ನ ‘ಹೌದ್ರೀ’ ಕೇಳಿದ ಅಂಗಡಿಯವರು, “ಮೇಡಂ, ನಿಮ್ ಕನ್ನಡ ಒಂಥರಾ ಇದೆ, ಯಾವ ಕಡೆ?” ಎನ್ನುತ್ತಿದ್ದರು. ಕೇಳುವವರಲ್ಲಿ ಕೇಡಿರಲಿಲ್ಲ. ಆದರೂ ಕನ್ನಡದ ನಾಡಿನಲ್ಲಿಯೇ ಕನ್ನಡಕ್ಕೆ ಸಾಕ್ಷಿ ಒದಗಿಸಬೇಕಾದವಳ ಒಂಟಿತನ ಬೇರೆಯೇ ಬಗೆಯದು.

ಮಕ್ಕಳ ಪುಸ್ತಕಗಳನ್ನು ಸಿದ್ಧಪಡಿಸುವುದು ನನ್ನ ಉದ್ಯೋಗ. ಆ ಒಂಟಿತನವನ್ನು ನೀಗಿಕೊಳ್ಳಲು ಜಯಮ್ಮನವರ ಅನುಮತಿ ಪಡೆದು, ಭಾನುವಾರದ ಬೆಳಗ್ಗೆ ತಾರಸಿಯ ಮೇಲೆ ಬೀದಿಯ ಮಕ್ಕಳಿಗೆ ಭೂಗೋಳ ಹೇಳಲು ಆರಂಭಿಸಿದೆ. ಮೊದಲು ಆಫ್ರಿಕಾ ಖಂಡವನ್ನು ಆರಿಸಿಕೊಂಡೆ. ನಮ್ಮ ಮಕ್ಕಳ ಬಳಿ ಆ ಖಂಡದ ಬಗ್ಗೆ ಇರುವಷ್ಟು ಸಿದ್ಧ ಉತ್ತರಗಳು ಬೇರಾವುದರ ಬಗ್ಗೆಯೂ ಇಲ್ಲ. “ಸಿಂಹ!” “ಕಾಡು!” “ಪಾಪ, ಅಲ್ಲಿ ಯಾರಿಗೂ ಊಟ ಇರಲ್ಲ,” ಎಂದಳು ಧೃತಿ. ಅವರನ್ನು ದೂರುವ ನೈತಿಕ ಹಕ್ಕು ನನಗಿರಲಿಲ್ಲ. ನಾನೇ ಬರೆದು ತಂದಿದ್ದ ಚಿತ್ರಪಟದಲ್ಲಿ ಮೂರು ಸಿಂಹಗಳಿದ್ದವು, ಮನುಷ್ಯರೊಬ್ಬರೂ ಇರಲಿಲ್ಲ.

ಹಾಗಾಗಿ ಪೇಷನ್ಸ್‌ಳನ್ನು ಕರೆದೆ. ಉಗಾಂಡದ ಪಶ್ಚಿಮ ಭಾಗದ ಈ ಹುಡುಗಿ ಫಾರ್ಮಸಿ ಓದಿನ ಕೊನೆಯ ವರ್ಷದಲ್ಲಿದ್ದಾಳೆ. ಜಯನಗರದ ಗ್ರಂಥಾಲಯದಲ್ಲಿ ಒಂದೇ ಮೇಜಿಗೆ ಕುಳಿತು ನಮಗೆ ಪರಿಚಯವಾಗಿತ್ತು. ಬಿ.ಟಿ.ಎಂ. ಲೇಔಟಿನಲ್ಲಿ ಅವಳಿದ್ದ ಪಿ.ಜಿ. ಕಟ್ಟಡವನ್ನು ಕೆಡವುವವರಿದ್ದರು; ತಿಂಗಳ ಕೊನೆಯೊಳಗೆ ಅವಳಿಗೊಂದು ಸೂರು ಸಿಗಬೇಕಿತ್ತು. ಫೋನಿನಲ್ಲಿ ಖಾಲಿಯಿದ್ದ ಮನೆಗಳು ಅವಳು ಗೇಟಿನೆದುರು ನಿಂತೊಡನೆ ಭರ್ತಿಯಾಗಿಬಿಡುತ್ತಿದ್ದವು.

ನಮ್ಮ ತಾರಸಿಯ ಪಕ್ಕದ ಕೋಣೆ ಖಾಲಿಯಿತ್ತು. ಜಯಮ್ಮನವರನ್ನು ಕೇಳಿದೆ. “ಬೇಡಮ್ಮಾ. ಅವರ ಅಡುಗೆ, ಅವರ ರೀತಿ ನಮ್ಗೇನ್ ಗೊತ್ತು? ಅಕ್ಕಪಕ್ಕದೋರು ಏನಂತಾರೆ?” ಎಂದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ನಾಲ್ಕು ವಾದಗಳನ್ನು ಕ್ರಮಬದ್ಧವಾಗಿ ಮಂಡಿಸಿದೆ: ಸಮಾನತೆ, ಸಂವಿಧಾನ, ಪರದೇಶಗಳಲ್ಲಿರುವ ನಮ್ಮ ಮಕ್ಕಳು, ಕೊನೆಗೆ ನನ್ನ ‘ಒಂಥರಾ’ ಕನ್ನಡ. ಜಯಮ್ಮ ಸೊಪ್ಪು ಬಿಡಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು.

“ಮಾತಲ್ಲಿ ನೀನೇ ಗೆದ್ದೆ ಬಿಡಮ್ಮಾ. ಮನೆ ನಂದು.”

ಈ ಸಂಗತಿಯನ್ನು ಪೇಷನ್ಸ್‌ಗೆ ತಿಳಿಸಿದ ಮೇಲೂ ಆ ಭಾನುವಾರ ಅವಳು ಪಾಠಕ್ಕೆ ಬಂದಳು. “ಮಕ್ಕಳಿಗೆ ಮಾತು ಕೊಟ್ಟಿದ್ದೀನಲ್ಲ,” ಎಂದಳು. ಮಕ್ಕಳು ರಂಗೋಲಿಪುಡಿಯಲ್ಲಿ ತಾರಸಿಯ ತುಂಬ ಆಫ್ರಿಕಾ ಬಿಡಿಸಿದರು. ಅವಳು ನಡುವೆ ನಿಂತು, ತಮ್ಮೂರಿನಿಂದ ರಾಜಧಾನಿಗೆ ಹೋಗುವ ಬಸ್ಸು ಭೂಮಧ್ಯರೇಖೆಯನ್ನು ದಾಟುತ್ತದೆ ಎಂದು ತೋರಿಸಿದಳು.

“ದಾಟುವಾಗ ಬಸ್ ಜಂಪ್ ಆಗತ್ತಾ ಅಕ್ಕಾ?”

“ಇಲ್ಲ. ಜಂಪ್ ಎಲ್ಲಾ ಬನಶಂಕರಿ ರೋಡಲ್ಲಿ,” ಎಂದಳು ಪೇಷನ್ಸ್, ಬಸ್ಸುಗಳಲ್ಲಿ ಕಲಿತ ಕನ್ನಡದಲ್ಲಿ.

“ಸಿಂಹ ನೋಡಿದೀರಾ?”

“ನೋಡಿದೀನಿ. ಬನ್ನೇರುಘಟ್ಟದಲ್ಲಿ.”

ಪಾಠ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪೇಷನ್ಸ್ ಮೆಟ್ಟಿಲಿಳಿದು ಹೊರಟಾಗ ಜಯಮ್ಮ ಅಡ್ಡ ನಿಂತರು. “ಊಟದ ಹೊತ್ತಲ್ಲಿ ಹಂಗೇ ಕಳ್ಸೋಕಾಗತ್ತಾ? ಕೂತ್ಕೊಳ್ಳಮ್ಮ,” ಎಂದರು. ಕೋಣೆ ಕೊಡಲೊಪ್ಪದವರು ಊಟವಿಲ್ಲದೆ ಕಳಿಸಲೂ ಒಪ್ಪಲಿಲ್ಲ. ತಟ್ಟೆಗೆ ಮುದ್ದೆ, ಬಸ್ಸಾರು ಬಂದವು.

ಪೇಷನ್ಸ್ ಮುದ್ದೆಯನ್ನೇ ದಿಟ್ಟಿಸಿ, “ಕಾರೊ!” ಎಂದಳು. ಚಿಕ್ಕ ತುತ್ತು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಅದರಲ್ಲೊಂದು ಗುಳಿಯೊತ್ತಿ, ಗುಳಿಯ ತುಂಬ ಸಾರು ತುಂಬಿಕೊಂಡು ನುಂಗಿದಳು. ಅಗಿಯಲಿಲ್ಲ.

ಸೌಟು ಹಿಡಿದ ಜಯಮ್ಮ ಅಲ್ಲಿಯೇ ನಿಂತರು. “ಯಾರು ಹೇಳ್ಕೊಟ್ರು ನಿಂಗೆ?”

“ನಮ್ಮಜ್ಜಿ.”

“ನಿಮ್ಮಜ್ಜಿ ಇಲ್ಲಿಗೆ ಯಾವಾಗ ಬಂದಿದ್ರು?”

ಪೇಷನ್ಸ್ ನಕ್ಕುಬಿಟ್ಟಳು. ಅವಳ ಊರಿನಲ್ಲಿ ರಾಗಿಗೆ ‘ಒಬುರೊ’ ಎನ್ನುತ್ತಾರಂತೆ. ಅದರ ಹಿಟ್ಟಿನ ಮುದ್ದೆಯೇ ಕಾರೊ. ಅಜ್ಜಿ ಎಲ್ಲಿಗೂ ಬಂದಿರಲಿಲ್ಲ, ಬಂದದ್ದು ರಾಗಿ ಎಂದು ನಾನು ವಿವರಿಸಿದೆ: ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಹುಟ್ಟಿದ ಈ ಧಾನ್ಯ ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮಲ್ಲಿಗೆ ಬಂದಿತು, ನಮ್ಮ ಕಡೆಯ ಜೋಳವೂ ಅದೇ ಖಂಡದಿಂದ ಬಂದದ್ದು.

ಜಯಮ್ಮನವರಿಗೆ ಇದು ಸಣ್ಣ ಮಾತಾಗಿರಲಿಲ್ಲ. ಇಂದು ಕಾರು ನಿಲ್ಲಿಸುವ ಜಾಗವೇ ಒಂದು ಕಾಲಕ್ಕೆ ಅವರ ರಾಗಿ ಬಡಿಯುವ ಕಣವಾಗಿತ್ತು. ಊಟ ಮುಗಿದ ಮೇಲೆ ಅವರು ಒಳಗಿನಿಂದ ಒಂದು ಹಿಡಿ ರಾಗಿ ತಂದು ತಾರಸಿಗೆ ಹತ್ತಿದರು. “ಎಲ್ಲಿ, ನಿನ್ನ ಊರು ತೋರ್ಸು.” ಪೇಷನ್ಸ್ ಕಾಲ್ಬೆರಳಿನಿಂದ ತೋರಿಸಲು ಹೋಗಿ, ತಡೆದು, ಬಗ್ಗಿ ಕೈಯಿಂದ ತೋರಿಸಿದಳು. ಜಯಮ್ಮ ಅಲ್ಲಿ ರಾಗಿ ಸುರಿದರು. ಪಕ್ಕದ ಕೋಣೆಯತ್ತ ತಿರುಗಿ ಹೇಳಿದರು:

“ಆ ಬಾಗ್ಲು ಮಳೆಗಾಲದಲ್ಲಿ ಹಿಡ್ಕೊಳ್ತದೆ. ಸ್ವಲ್ಪ ಎತ್ತಿ ಮುಚ್ಬೇಕು, ನೆನಪಿಟ್ಕೋ.”

ಪೇಷನ್ಸ್‌ಗೆ ಮಾತು ಪೂರ್ತಿ ಅರ್ಥವಾಗಲಿಲ್ಲ. ಕೋಣೆ ಇನ್ನು ನಿನ್ನದೇ ಎಂದು ಅವಳನ್ನು ಅಪ್ಪಿಕೊಂಡು ನಾನು ಹೇಳಿದೆ.

ಎದುರು ಮನೆಯವರು ಈಗಲೂ, “ಎಷ್ಟು ದಿನ ಇರ್ತಾರೆ?” ಎಂದು ಕೇಳುತ್ತಾರೆ. “ಓದು ಮುಗಿಯೋವರ್ಗೂ. ನಿಮ್ಗೇನೀಗ?” ಎನ್ನುತ್ತಾರೆ ಜಯಮ್ಮ. ನನ್ನ ನಾಲ್ಕು ವಾದಗಳು ಸುಳ್ಳಾಗಿರಲಿಲ್ಲ. ಅವುಗಳಿಗೊಂದು ತಟ್ಟೆ ಬೇಕಿತ್ತು.

ನಾನು ಇಂದಿಗೂ ಮುದ್ದೆಯನ್ನು ಅಗಿಯುತ್ತೇನೆ. ಊರಿಗೆ ಹೋದರೆ ಅವ್ವ, “ನಿನ್ನ ಮಾತು ಬೆಂಗಳೂರಿನವರಂಗ ಆಗ್ಯದ ನೋಡು,” ಎನ್ನುತ್ತಾಳೆ. ಇಲ್ಲಿನ ಅಂಗಡಿಯವರಿಗೆ ಅದೇ ಮಾತು ಇನ್ನೂ ಒಂಥರಾ. ಯಾವ ಊರಿನವಳು ಎಂದು ಕೇಳಿದರೆ ಒಂದೇ ಉಸಿರಿನಲ್ಲಿ ಉತ್ತರಿಸಲು ನನಗೀಗ ಬರುವುದಿಲ್ಲ. ಆದರೆ ಎರಡೂ ಊರುಗಳ ಅನ್ನ ಒಂದೇ ದೂರದ ನೆಲದಿಂದ ನಡೆದುಬಂದಿದೆ ಎಂಬುದು ತಿಳಿದ ಮೇಲೆ, ಆ ತಡವರಿಕೆಯಲ್ಲಿ ಮೊದಲಿನ ನೋವಿಲ್ಲ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಈ ಭಾನುವಾರ ನಿಮ್ಮ ಮಕ್ಕಳ ಮುಂದೆ ಆಫ್ರಿಕಾದ ನಕಾಶೆಯೊಂದನ್ನು ಹರಡಿ, ಅಡುಗೆಮನೆಯಿಂದ ಒಂದು ಹಿಡಿ ಜೋಳ ತಂದು ಅದರ ಮೇಲಿಡಿ. ಸಿಂಹದ ಬದಲು ಅಲ್ಲಿಂದ ಪಾಠ ಆರಂಭಿಸಿ.