ಒಂದೇ ತಾಯಿಯ ಮಕ್ಕಳು

ನಾನು ಅಕ್ಕ ಎನ್ನುವ ನನ್ನ ವಾರಗಿತ್ತಿಯನ್ನು ಮೀನುಮರಿ ಕೇಂದ್ರದಲ್ಲಿ ಎಲ್ಲರೂ ಸೂಲಗಿತ್ತಿ ಎಂದೇ ಕರೆಯುತ್ತಿದ್ದರು. ಮೊಟ್ಟೆ ಬಲಿತ ಹೆಣ್ಣುಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸಿನಂತೆ ಅವುಚಿಕೊಂಡು, ಹೆಬ್ಬೆರಳಿನಿಂದ ಹೊಟ್ಟೆ ನೀವಿದರೆ ಸಾಕು, ಮೊಟ್ಟೆ ಸರಸರನೆ ಬೇಸನ್ನಿಗೆ ಇಳಿಯುತ್ತಿತ್ತು. ಅದರ ಮೇಲೆ ಗಂಡುಮೀನಿನ ವೀರ್ಯ ಹಿಂಡಿ, ಕೋಳಿಗರಿಯಿಂದ ಕಲಸುವಳು. ಮೀನಿನ ಮೈಮೇಲೆ ಒಂದು ಗೀರೂ ಬೀಳುತ್ತಿರಲಿಲ್ಲ. ಅದೇ ಕೈ ಮನೆಯಲ್ಲಿ ಎಷ್ಟು ಲೋಟ ಒಡೆದಿದೆ ಎಂಬುದು ನನಗೇ ಗೊತ್ತು.

ನಮ್ಮ ಹೊಳೆಯ ಹಳದಿರೆಕ್ಕೆ ಎಂಬ ದೊಡ್ಡ ಮೀನನ್ನು ಮದ್ದು ಸಿಡಿಸುವವರು ಹೆಚ್ಚುಕಡಿಮೆ ನಿರ್ನಾಮ ಮಾಡಿದ್ದರು. ಅಳಿದುಳಿದವನ್ನು ಹಿಡಿದು ತಂದು ಕೇಂದ್ರದ ಕೊಳದಲ್ಲಿ ಸಾಕಿ, ಮರಿ ಮಾಡಿಸಿ ಹೊಳೆಗೆ ಬಿಡುವುದು ಅಕ್ಕನ ಕೆಲಸ. ಆ ಕೊಳದಲ್ಲಿ ಅವಳಿಗೊಬ್ಬ ಪಟ್ಟದರಾಣಿ ಇದ್ದಳು. ಎಂದೂ ಕೈಕೊಡದೆ ಬೇಸನ್ನು ತುಂಬ ಮೊಟ್ಟೆ ಕೊಡುವ ದಪ್ಪನೆಯ ಹೆಣ್ಣು. ಬಡಕಲು ಹೆಣ್ಣುಗಳನ್ನು ಕಂಡರೆ ಅಕ್ಕನಿಗೆ ಆಗದು. “ಇದರ ಹೊಟ್ಟೇಲಿ ಏನಿದೆ, ಮಣ್ಣು!” ಎಂದು ಪಕ್ಕಕ್ಕೆ ಸರಿಸುವಳು. ಅಂಥವು ಕೇಂದ್ರದ ಸಾಹೇಬರ ಒಪ್ಪಿಗೆಯ ಮೇಲೆ ನಮ್ಮ ಅಡುಗೆಮನೆಗೆ ಬರುತ್ತಿದ್ದವು. ವಾಸನೆಗೆ ಮೂಗು ಮುರಿಯುತ್ತಲೇ ನಾನು ಬೇಯಿಸಿದ್ದೇನೆ, ಬಾಯಿ ಚಪ್ಪರಿಸಿಯೇ ತಿಂದಿದ್ದೇನೆ.

ಹೊಳೆಯಲ್ಲಿ ಮತ್ತೆ ಮೀನು ತುಂಬಿತು. ಸೇತುವೆಯ ಮೇಲೆ ನಿಂತು ಹೋಗುಬರುವವರಿಗೆಲ್ಲ ಮೀನು ತೋರಿಸುವಾಗ ಅಕ್ಕನನ್ನು ಹಿಡಿಯುವವರೇ ಇರುತ್ತಿರಲಿಲ್ಲ.

ಹೀಗಿರುವಾಗ ಮೀನಿನ ತಳಿ ಪರೀಕ್ಷೆ ಮಾಡುವ ಮೇಡಂ ಒಬ್ಬಳು ಬಂದಳು. ಇನ್ನೂ ಚಿಕ್ಕ ವಯಸ್ಸು, ಮೆಲುಮಾತು. ಹೊಳೆಯ ಉದ್ದಕ್ಕೂ ಮೀನು ಹಿಡಿಸಿ, ಬಾಲದ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಪುಟ್ಟ ಸೀಸೆಗಳಲ್ಲಿ ಹಾಕಿಕೊಂಡು ಹೋದಳು. ತಿಂಗಳುಗಳ ಮೇಲೆ ಬಂದು ಅಕ್ಕನಿಗೆ ಹೇಳಿದ್ದು ಒಂದೇ ಮಾತು: “ಅಮ್ಮಾ, ಹೊಳೇಲಿರೋದು ಹೆಚ್ಚುಕಮ್ಮಿ ಎಲ್ಲಾ ಒಂದೇ ತಾಯಿ ಮಕ್ಕಳು.” ಅಷ್ಟರಲ್ಲಿ ಸಾಹೇಬರು ಮೇಡಂನನ್ನು ಒಳಗೆ ಕರೆದರು.

ಅಕ್ಕ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದಳು. ಒಂದೇ ತಾಯಿ ಮಕ್ಕಳು ಎಂದರೆ ಹೊಗಳಿಕೆಯಲ್ಲದೆ ಇನ್ನೇನು? ಅಣ್ಣತಮ್ಮಂದಿರು ಜಗಳವಾಡಿದಾಗ ಹಿರಿಯರು ಬುದ್ಧಿ ಹೇಳುವುದೇ ಆ ಮಾತಿನಿಂದ. ಭಾವನವರು ನಕ್ಕು, “ಹಾಗಾದ್ರೆ ನಿನ್ನ ರಾಣಿಗೆ ಹೊಳೆ ಪೂರ್ತಿ ಮಕ್ಕಳು ಅನ್ನು” ಎಂದರು. ಮರುದಿನ ಅಕ್ಕ ಸಿಹಿಯ ಡಬ್ಬಿ ಹಿಡಿದುಕೊಂಡೇ ಕೆಲಸಕ್ಕೆ ಹೋದಳು.

ಸಂಜೆ ಡಬ್ಬಿ ಹಾಗೇ ವಾಪಸ್ಸು ಬಂತು. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ.

“ಅದು ಹೊಗಳಿದ್ದಲ್ಲವಂತೆ ಕಣೇ,” ಎಂದಳು. “ಹೋದ ಬೇಸಿಗೇಲಿ ಕಿವಿರು ಕೊಳೆತು ಒಂದು ತೊಟ್ಟಿ ಮರಿ ಪೂರ್ತಿ ಸತ್ತವಲ್ಲ, ಒಂದೂ ಯಾಕೆ ಉಳೀಲಿಲ್ಲ ಗೊತ್ತಾ? ಎಲ್ಲಾದರಲ್ಲೂ ಅದೇ ರಕ್ತ. ಒಂದಕ್ಕೆ ತಡ್ಕೊಳೋ ಶಕ್ತಿ ಇಲ್ಲ ಅಂದ್ರೆ ಯಾವುದಕ್ಕೂ ಇಲ್ಲ. ನಾಳೆ ಆ ರೋಗ ಹೊಳೆಗೆ ಬಂದ್ರೆ ಹೊಳೆನೇ ಖಾಲಿ. ಬರದಿದ್ರೂ ಅಷ್ಟೇ, ಇನ್ನು ಮೇಲೆ ಅಣ್ಣತಂಗಿಗಳೇ ಜೋಡಿ ಆಗಬೇಕು. ‘ಬೇರೆ ಹೆಣ್ಣುಗಳು ಇದ್ದವಲ್ಲಮ್ಮ, ಅವೆಲ್ಲಿ’ ಅಂತ ಆ ಮೇಡಂ ಕೇಳಿದ್ಲು. ಏನಂತ ಹೇಳಲಿ?”

ಅವು ಎಲ್ಲಿ ಹೋದವೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ವರ್ಷದ ಮರಿಗಳು ಆಗಲೇ ತೊಟ್ಟಿಯಲ್ಲಿ ಬೆರಳುದ್ದ ಬೆಳೆದಿದ್ದವು. ಎಲ್ಲವೂ ರಾಣಿಯವೇ. ಬಿಡಬಾರದು ಎಂದು ಮೇಡಂ ಹಟ ಹಿಡಿದಳು. ಸಾಹೇಬರು ಯಾರ ಎದುರೂ ಕೆಟ್ಟವರಾಗದೆ ಕುರ್ಚಿ ಉಳಿಸಿಕೊಂಡು ಬಂದ ಮನುಷ್ಯ. “ನೋಡಮ್ಮ, ನಿನ್ನ ಕೈಯಲ್ಲಿ ಬೆಳೆದವು. ಬಿಡ್ತೀಯೋ ಬಿಸಾಕ್ತೀಯೋ, ನೀನೇ ಹೇಳು” ಎಂದು ಜಾರಿಕೊಂಡರು. ಇಂಥವರನ್ನು ಕಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಕ್ಕ ಅನ್ನ ಬಿಟ್ಟಳು, ಮಾತು ಬಿಟ್ಟಳು. ಮೂರನೆಯ ದಿನವೂ ಬುತ್ತಿ ಮರೆತು ಹೋದಾಗ ನಾನೇ ತೆಗೆದುಕೊಂಡು ಹೋದೆ. ಅವಳು ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ನೀರು ಹೊಳೆ ಸೇರುವ ಕಾಲುವೆಯನ್ನು ಮುಚ್ಚಿ, ನೀರು ಇಂಗಿಹೋಗುವ ಹಿಂದಿನ ಮರಳುಗುಂಡಿಗೆ ದಾರಿ ತಿರುಗಿಸಿದ್ದಳು. ಏನು ನಡೆಯಲಿದೆ ಎಂದು ನನಗೆ ತಿಳಿಯಿತು. ಮೀನಿಗಾಗಿ ಎಂದೂ ಮರುಗದ ನಾನು ಬುತ್ತಿ ಕೆಳಗಿಟ್ಟು ಅವಳ ತೋಳು ಹಿಡಿದೆ.

“ಬೇಡ ಅಕ್ಕಾ, ಪಾಪ ಕಣೇ. ಹೊಳೆಗೆ ಬಿಟ್ಟುಬಿಡು. ಇಷ್ಟು ವರ್ಷ ಬಿಟ್ಟಿಲ್ವಾ, ಇದೊಂದು ಸಲಕ್ಕೆ ಏನು ಮುಳುಗಿಹೋಗುತ್ತೆ?”

“ಮೇಲಿನ ಮಡುಗಳಲ್ಲಿ ಬೇರೆ ತಾಯೀವು ಒಂದೋ ಎರಡೋ ಇನ್ನೂ ಇರಬಹುದಂತೆ. ಇವು ಹೊಳೆಗೆ ಇಳಿದ್ರೆ ಅವುಗಳ ಮರಿಗೆ ಮೇವೂ ಸಿಗಲ್ಲ, ಜಾಗವೂ ಸಿಗಲ್ಲ.” ಅವಳು ನನ್ನ ಕಡೆ ತಿರುಗಲಿಲ್ಲ. “ಅವೂ ಹೋದ್ರೆ ಇನ್ನು ಯಾರ ಹೊಟ್ಟೆ ನೀವಲಿ?”

ನೀರಿನ ಮೇಲೆ ಅವಳ ನೆರಳು ಬಿದ್ದದ್ದೇ ತಡ, ಮರಿಗಳೆಲ್ಲ ಬಾಯಿ ತೆರೆದುಕೊಂಡು ಆ ಮೂಲೆಗೆ ನುಗ್ಗಿದವು. ಅಕ್ಕ ಎದ್ದು ಹೋಗಿ ಮೇವಿನ ಡಬ್ಬ ತಂದಳು, ಎಂದಿನಂತೆ ಪುಡಿ ಉದುರಿಸಿದಳು.

ನನಗೆ ತಡೆಯಲಾಗಲಿಲ್ಲ. “ಈಗ ಸಾಯೋವಕ್ಕೆ ಅದ್ಯಾಕೆ?”

“ಹಸಿದಿವೆ ಕಣೇ,” ಎಂದಳು.

ಅವು ತಿಂದು ಮುಗಿಸುವವರೆಗೂ ಕಾದಳು. ಆಮೇಲೆ ತೋಳು ಮಡಿಸಿಕೊಂಡು, ನೀರಿಗೆ ಬಗ್ಗಿ, ತಳದ ಬಿರಡೆ ಎಳೆದಳು.