ಗಾಳಿ ಹಂಚುತ್ತಿದ್ದ ಭಾವ

ನನ್ನ ಅಕ್ಕನ ಗಂಡನಿಗೆ ಬೀದಿಯೆಲ್ಲ ಇಟ್ಟ ಹೆಸರು ಗಾಳಿಭಾವ. ಗಾಳಿ ಸುದ್ದಿ ಹಬ್ಬಿಸುವವನು ನಾನು, ಹೆಸರು ಮಾತ್ರ ಅವರಿಗೆ ಬಿತ್ತು!

ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುವುದು ಅವರ ಕೆಲಸ. ಒಂದೇ ಕಂಪ್ಯೂಟರಿಗೆ ಬಿಟ್ಟರೆ ಉತ್ತರ ಮೊಮ್ಮಕ್ಕಳ ಕಾಲಕ್ಕೆ. ಅದಕ್ಕೇ ಗಾಳಿಯನ್ನು ತುಂಡು ಮಾಡಿ, ಕಬ್ಬಿಣದ ಬೀರುಗಳಲ್ಲಿ ಜೋಡಿಸಿದ್ದ ನೂರಾರು ಚಿಕ್ಕ ಕಂಪ್ಯೂಟರುಗಳಿಗೆ ಹಂಚುತ್ತಿದ್ದರು. ಹೆಜ್ಜೆಹೆಜ್ಜೆಗೂ ಪ್ರತಿಯೊಂದೂ ತನ್ನ ಅಂಚಿನ ಸಮಾಚಾರವನ್ನು ಪಕ್ಕದ್ದಕ್ಕೆ ಹೇಳಬೇಕು. ಎಲ್ಲವೂ ಮುಗಿಸುವ ತನಕ ಒಂದೂ ಮುಂದೆ ಹೋಗುವಂತಿಲ್ಲ. ಸೀನು ಬಂದರೂ ಆ ಪುಣ್ಯಾತ್ಮ ಪಾಲು ಮಾಡಿಯೇ ಸೀನುತ್ತಿದ್ದರು. ನಾನು ಕಿವಿಯಾರೆ ಕೇಳಿದ್ದೇನೆ.

ಆ ಬೀರುಗಳಿದ್ದ ಕೋಣೆಯ ಏಸಿ ನೋಡಿಕೊಳ್ಳುತ್ತಿದ್ದವನು ನಾನೇ. ಅಲ್ಲಿನ ಚಳಿಗೆ ಸೊಳ್ಳೆಗಳೂ ಸ್ವೆಟರ್ ಹಾಕುತ್ತಿದ್ದವು.

ಆ ಕಂಪ್ಯೂಟರುಗಳನ್ನೆಲ್ಲ ಸೇರಿಸಿ ಒಂದೇ ಯಂತ್ರವಾಗಿ ಬೆಸುಗೆ ಹಾಕಿ ಕಟ್ಟಿದ್ದು ಭಾವ ಮತ್ತು ಅವರ ಜೊತೆಯವರು. ಅವರ ತಲೆಗೂದಲೆಲ್ಲ ಅಲ್ಲೇ ಉದುರಿತ್ತು. ಹೀಗಿರುವಾಗ ಹೊರಗಿನಿಂದ ಸಿದ್ಧ ಯಂತ್ರ ಕೊಳ್ಳುವ ಮಾತು ಬಂತು. ಅದನ್ನು ತೀರ್ಮಾನಿಸಲು ಒಂದು ಸಮಿತಿ ಬರುವುದಿತ್ತು. ಸಮಿತಿಯವರ ಕಣ್ಣೆದುರಿಗೆ, ಅವರು ಊಟಕ್ಕೆ ಏಳುವುದರೊಳಗೆ ಒಂದು ಹೊಸ ರೆಕ್ಕೆಯ ಲೆಕ್ಕ ಮುಗಿದರೆ ಇದು ಉಳಿಯುತ್ತದೆ, ಇಲ್ಲದಿದ್ದರೆ ಗುಜರಿ.

ಸಮಿತಿ ಬಂದ ದಿನವೇ ರೆಕ್ಕೆಯ ತುದಿಯ ಪಾಲು ಹೊತ್ತಿದ್ದ ಕಂಪ್ಯೂಟರು ಕುಂಟತೊಡಗಿತು. ಉಳಿದವೆಲ್ಲ ಅದಕ್ಕಾಗಿ ಕೈಕಟ್ಟಿ ಕಾದವು. ಭಾವನ ಜೊತೆಗೇ ಕೆಲಸಕ್ಕೆ ಸೇರಿ ಈಗ ಅವರ ಮೇಲಧಿಕಾರಿಯಾಗಿದ್ದವನು ಹತ್ತಿರ ಬಂದು ಪಿಸುಗುಟ್ಟಿದ:

"ಲೋ, ಅದಕ್ಕೆ ಕಾಯೋದು ಬಿಡಿಸೋ. ಅದರ ಹಳೇ ಅಂಕಿನೇ ಹಿಡ್ಕೊಂಡು ಮಿಕ್ಕವು ಮುಂದಕ್ಕೆ ಹೋಗ್ಲಿ. ಚಿತ್ರ ಚೆನ್ನಾಗೇ ಬರತ್ತೆ."

"ಚಿತ್ರ ಬರತ್ತೆ ಕಣೋ. ರೆಕ್ಕೆ ತುದೀಲಿ ಗಾಳಿ ಮಾತ್ರ ಕಂಬದ ಹಾಗೆ ನಿಂತಿರತ್ತೆ."

"ನೋಡೋರಿಗೇನು ಗೊತ್ತಾಗತ್ತೆ?"

"ಹಾರೋರಿಗೆ ಗೊತ್ತಾಗತ್ತೆ."

"ಹಾರೋದು ಯಾವ ಕಾಲಕ್ಕೋ! ನಿನ್ನ ಬೀರುಗಳು ನಾಳೇನೇ ಹೋಗ್ತಾವೆ."

ನನಗೂ ತಡೆಯಲಿಲ್ಲ. "ಭಾವ, ಒಂದು ಸಲ ಕಣ್ಣು ಮುಚ್ಕೊಂಡ್ಬಿಡಿ."

"ನೀನು ನಿನ್ನ ಏಸಿ ನೋಡ್ಕೊಳಯ್ಯ."

ಸಮಿತಿಯವರು ಊಟಕ್ಕೆಂದು ಎದ್ದರು, ತಿರುಗಿ ಬರಲಿಲ್ಲ. ಲೆಕ್ಕ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ನೋಡಲು ಉಳಿದವರು ಭಾವ, ನಾನು ಇಬ್ಬರೇ.

ಹೊಸ ಯಂತ್ರ ಬಂದಾಗ, ಅದು ಸರಿಯಾಗಿದೆಯೋ ಇಲ್ಲವೋ ತಿಳಿಯಲು ಅದೇ ರೆಕ್ಕೆಯ ಲೆಕ್ಕ ಕೊಟ್ಟರು. ಉತ್ತರವನ್ನು ಭಾವನ ಉತ್ತರದ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ! ಮೇಲಧಿಕಾರಿಯ ಕೈ ಕುಲುಕಿದರು, ಚಪ್ಪಾಳೆ ತಟ್ಟಿದರು.

ಭಾವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವರು ಹಿಂಬಾಗಿಲಲ್ಲಿ ನಿಂತು, ಗುಜರಿಯವರಿಗೆ ಬೀರು ಎತ್ತಲು ಕೈಜೋಡಿಸುತ್ತಿದ್ದರು.